ಕೆರೆ ಪಕ್ಕ ವಾಕಿಂಗ್ ಪಾತ್ ಆಗುತ್ತೆ, ನನ್ನ ಶೀಟ್ ಶೆಡ್ ಯಾಕೆ ಆಗಲ್ಲ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮ ಸೈಟು ಕೆರೆಗೆ ಅಂಟಿಕೊಂಡೇ ಇದೆ. ಸಾಮಾನು ಇಡೋಕೆ ಒಂದು ಶೀಟ್ ಶೆಡ್ ಹಾಕೋಣ ಅಂದ್ರೆ ಪಾಲಿಕೆಯವರು ಬಿಡುತ್ತಿಲ್ಲ. ಅದೇ ಕೆರೆ ಸುತ್ತ ಅವರೇ ವಾಕಿಂಗ್ ಪಾತ್, ಓಪನ್ ಜಿಮ್, ಮಕ್ಕಳ ಜಾರುಬಂಡೆ ಹಾಕಿದ್ದಾರೆ. ಇದು ಯಾವ ನ್ಯಾಯ?

ಉತ್ತರ: ಸಿಟ್ಟು ಬರೋದು ಸಹಜ. ಆದರೆ ಶೆಡ್ ವಿಷಯದಲ್ಲಿ ಪಾಲಿಕೆ ಹೇಳಿದ್ದು ಸರಿ.

2007ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರಿನ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಯ ಸುತ್ತ 30 ಮೀಟರ್ ಜಾಗದಲ್ಲಿ ಏನೂ ಕಟ್ಟುವಂತಿಲ್ಲ. 2016ರಲ್ಲಿ ಹಸಿರು ನ್ಯಾಯಮಂಡಳಿ ಇದನ್ನು 75 ಮೀಟರಿಗೆ ಏರಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಮತ್ತೆ ಮಾಸ್ಟರ್ ಪ್ಲಾನಿನ ಲೆಕ್ಕಕ್ಕೇ ಬಂದೆವು. 2025ರಲ್ಲಿ ಕೆರೆಯ ವಿಸ್ತೀರ್ಣ ನೋಡಿ ಈ ಅಂತರ ನಿಗದಿ ಮಾಡುವ ಮಸೂದೆಯನ್ನು ವಿಧಾನಮಂಡಲ ಒಪ್ಪಿತು. ಪೇಪರಿನಲ್ಲಿ ಆ ಸುದ್ದಿ ಓದಿದವರು ಸುಮ್ನೆ ಪೈಪ್ ನೆಡಲು ಹೋಗಬೇಡಿ. ನಿಮ್ಮ ಕೆರೆಗೆ ಇವತ್ತು ಎಷ್ಟು ಅಂತರ ಅನ್ವಯ ಎಂದು ಪಾಲಿಕೆಯಿಂದ ಬರವಣಿಗೆಯಲ್ಲೇ ಪಡೆಯಿರಿ.

ಜಾಸ್ತಿ ಜನ ಎಡವುವುದು ಅಳತೆಯಲ್ಲಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುತ್ತದೆ. ನೀರಿನ ಅಂಚಿನಿಂದ ಟೇಪು ಹಿಡಿದು "ನಲವತ್ತು ಮೀಟರ್ ದಾಟಿದೆ" ಅನ್ನುತ್ತಾರೆ. ಅಳೆಯಬೇಕಾದ್ದು ನೀರಿನಿಂದಲ್ಲ, ಕಂದಾಯ ದಾಖಲೆಯಲ್ಲಿರುವ ಕೆರೆಯ ಗಡಿಯಿಂದ. ಆ ಗಡಿ ಎಷ್ಟೋ ಕಡೆ ಹುಲ್ಲಿನೊಳಗೆ ಮುಳುಗಿದ ಒಂದು ಬಾಂದುಕಲ್ಲು, ಅಷ್ಟೇ. ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್‌ನಲ್ಲಿ ಸರ್ವೇ ನಂಬರ್ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಖಚಿತವಾಗಬೇಕಾದರೆ ಸರ್ವೇಯರೇ ಬಂದು ಅಳೆಯಬೇಕು. ಸೈಟಿನ ಪಕ್ಕ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಇದ್ದರೆ ಅದಕ್ಕೆ ಬೇರೆ ಲೆಕ್ಕ: ಮಾಸ್ಟರ್ ಪ್ಲಾನಿನಲ್ಲಿ ಕಾಲುವೆಯ ದರ್ಜೆಗೆ ತಕ್ಕಂತೆ 50, 25 ಅಥವಾ 15 ಮೀಟರ್. ಅದನ್ನು ಕಾಲುವೆಯ ನಡುವಿನಿಂದ ಅಳೆಯುತ್ತಾರೆ.

"ಶೆಡ್ ಕಟ್ಟಡ ಅಲ್ವಲ್ಲಾ, ಬಿಚ್ಚಿದರೆ ಬಂತು" ಎಂದೂ ಕೇಳುತ್ತಾರೆ. 1961ರ ನಗರ ಯೋಜನೆ ಕಾಯ್ದೆ ಇಟ್ಟಿಗೆ, ಸಿಮೆಂಟನ್ನು ಮಾತ್ರ ನೋಡುವುದಿಲ್ಲ. ಜಾಗದ ಬಳಕೆ ಬದಲಾದರೂ ಅದು ಅಭಿವೃದ್ಧಿ ಕೆಲಸವೇ. ಶೆಡ್ ಹೇಗೆ ಬೆಳೆಯುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ನಾಲ್ಕು ಕಬ್ಬಿಣದ ಪೈಪು, ಮೇಲೊಂದು ನೀಲಿ ಶೀಟು. ಮಳೆಗೆ ಕೆಸರಾಗುತ್ತೆ ಅಂತ ನೆಲಕ್ಕೆ ಕಾಂಕ್ರೀಟು. ಆಮೇಲೆ ಒಂದು ಬಲ್ಬು, ಒಂದು ಮಂಚ, ಕೊನೆಗೆ ಒಂದು ಕೊಳಚೆ ಗುಂಡಿ. ಆ ಗುಂಡಿಯ ನೀರು ಇಳಿಜಾರಿನಲ್ಲಿ ಎತ್ತ ಹೋಗಬೇಕು? ಕೆರೆಗೇ.

ಇನ್ನು ವಾಕಿಂಗ್ ಪಾತ್. ಅದೇ ಮಾಸ್ಟರ್ ಪ್ಲಾನ್ ಕೆರೆಗೆ ಸಂಬಂಧಿಸಿದ ಚಟುವಟಿಕೆಗೆ ವಿನಾಯಿತಿ ಕೊಟ್ಟಿದೆ. ಬಡಾವಣೆಯ ಪ್ಲಾನ್ ಮಂಜೂರು ಮಾಡುವಾಗ ಈ ಜಾಗವನ್ನು ಪಾರ್ಕಿನ ಲೆಕ್ಕಕ್ಕೂ ಹಿಡಿಯಬಹುದು. ಜೊತೆಗೆ ಪಾತ್ ಎಲ್ಲರದ್ದು. ಬೆಳಗ್ಗೆ ಐದೂವರೆಗೆ ಮಂಡಿನೋವಿನ ಅಜ್ಜಿ ಬರುತ್ತಾರೆ, ಸಂಜೆ ಮಕ್ಕಳು ಬರುತ್ತಾರೆ. ನೋಡುವ ಕಣ್ಣು ಜಾಸ್ತಿಯಾದ ಕಡೆ ರಾತ್ರೋರಾತ್ರಿ ಟ್ರ್ಯಾಕ್ಟರಿನಲ್ಲಿ ಡೆಬ್ರಿಸ್ ಸುರಿಯುವುದು ಕಷ್ಟ.

ಹಾಗಂತ ಪಾಲಿಕೆ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ನಮ್ಮ ಹಳೇ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ. ಮೇಲ್ಗಡೆ ನೆಲ ಮೆಲ್ಲಗೆ ಇಳಿದು ನೀರಿಗೆ ಸೇರುತ್ತದೆ. ಆಪು, ಜೊಂಡು ಬೆಳೆಯುವುದು ಅಲ್ಲೇ, ಉದ್ದ ಕಾಲಿನ ಹಕ್ಕಿಗಳು ಮೇಯುವುದೂ ಆ ಮೊಣಕಾಲುದ್ದದ ನೀರಿನಲ್ಲೇ. ಅಭಿವೃದ್ಧಿ ಹೆಸರಲ್ಲಿ ಸುತ್ತಲೂ ಏರಿ ಎಬ್ಬಿಸಿ, ಕೆರೆಯನ್ನು ಬಟ್ಟಲಿನ ಹಾಗೆ ತೋಡಿ, ಮೇಲೆ ಪಾತ್ ಹಾಕಿದರೆ ಆ ಅಂಚು ಪೂರ್ತಿ ಮಾಯ. ಕೆರೆ ಹಕ್ಕಿಗಳಿಗೆ ನಿಮ್ಮ ಶೆಡ್‌ಗಿಂತ ಇದೇ ದೊಡ್ಡ ಹೊಡೆತ.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಬಿಡಬೇಡಿ, ಸ್ವಲ್ಪ ತಿರುಗಿಸಿ ಕೇಳಿ. ನಿಮ್ಮ ಕೆರೆಗೆ ಹೊಸ ಜಿಮ್ಮೋ ಗಜೀಬೊವೋ ಬರುತ್ತದೆ ಅಂತ ಗೊತ್ತಾದರೆ ಡಿಪಿಆರ್, ಅಂದರೆ ಯೋಜನೆಯ ವಿವರವಾದ ವರದಿಯ ಪ್ರತಿಗೆ ಆರ್‌ಟಿಐ ಹಾಕಿ. ನಕ್ಷೆಯಲ್ಲಿ ಎರಡು ಗೆರೆ ಹುಡುಕಿ: ಕಂದಾಯ ದಾಖಲೆಯ ಗಡಿ ಒಂದು, ಪಾತ್ ಇನ್ನೊಂದು. ಪಾತ್ ಗಡಿಯ ಒಳಗೆ ಎಷ್ಟು ದೂರ ಹೋಗಿದೆ ಅಂತ ವಾರ್ಡ್ ಸಮಿತಿ ಸಭೆಯಲ್ಲಿ ಎದ್ದು ನಿಂತು ಕೇಳಿ.