ಹತ್ತು ಗಿರಾಕಿ, ಮೂವತ್ತು ಆರ್ಡರ್: ಹೊಸ ಟ್ಯಾಬ್‌ನ ಲೆಕ್ಕಾಚಾರ

ಹೊಸ ಟ್ಯಾಬ್ ಬಿಡುಗಡೆಯಾದ ವಾರ ತುಮಕೂರಿನ ಎಂ.ಜಿ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಗಿರಾಕಿ ‘ಬಂತಾ?’ ಅನ್ನುತ್ತಾರೆ, ಅಂಗಡಿಯವರು ‘ನಾಳೆ ಬರುತ್ತೆ ಸಾರ್’ ಅನ್ನುತ್ತಾರೆ. ಬೇಡಿಕೆ ಜೋರಾಗಿದೆ, ಮಾಲು ಸಾಲುತ್ತಿಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಎರಡು ತಿಂಗಳು ಬಿಟ್ಟು ಅದೇ ಅಂಗಡಿಯ ಹಿಂದಿನ ಕಪಾಟು ತೆಗೆಸಿದರೆ ಅದೇ ಮಾಡೆಲ್ಲಿನ ಸೀಲ್ ಒಡೆಯದ ಡಬ್ಬಗಳು ಕೂತಿರುತ್ತವೆ. ಮೊದಲ ವಾರದ ಕೊರತೆಗೂ ಆಮೇಲಿನ ರಾಶಿಗೂ ಕಾರಣ ಒಂದೇ: ಕೇಳಿದವರನ್ನೆಲ್ಲ ಕೊಳ್ಳುವವರೆಂದು ಎಣಿಸಿದ್ದು.

ಊರಲ್ಲಿ ದುಡ್ಡು ಹೊಂದಿಸಿಕೊಂಡು ಕೊಳ್ಳಲು ತಯಾರಿರುವವರು 10 ಜನ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ಮೂರು ಅಂಗಡಿಗೆ ಫೋನ್ ಮಾಡುತ್ತಾರೆ, ಎಲ್ಲಿ ಮೊದಲು ಬಂದರೆ ಅಲ್ಲಿ ತಗೊಳ್ಳೋಣ ಅಂತ. ಅಂಗಡಿಗಳ ಪುಸ್ತಕದಲ್ಲಿ ಒಟ್ಟು 30 ಹೆಸರು. ಬೆಂಗಳೂರಿನ ವಿತರಕರು ಕೇಳಿದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಕೊಡುತ್ತಾರೆ ಎಂಬುದು ಅನುಭವಸ್ಥ ಅಂಗಡಿಯವರಿಗೆ ಗೊತ್ತು. ಹಾಗಾಗಿ ಅವರು 30ರ ಬದಲು 90ಕ್ಕೆ ಆರ್ಡರ್ ಹಾಕುತ್ತಾರೆ. ಕಂಪನಿಯ ಕಂಪ್ಯೂಟರಿನಲ್ಲಿ ತುಮಕೂರು ಎಂದರೆ ಈಗ 90. ಮೊದಲ ಕಂತಿನಲ್ಲಿ 30 ಬಂದು, ಅದು ಹತ್ತು ಜನಕ್ಕೆ ಸಾಕಾಗಿ ಮಿಗುತ್ತದೆ. ಆದರೂ ಮೂರು ಜನ ಬೇಕಾದ ಬಣ್ಣ ಸಿಗದೆ ವಾಪಸ್ ಹೋಗಿರುತ್ತಾರೆ, ಇಬ್ಬರು ಆನ್‌ಲೈನಿನಲ್ಲಿ ತರಿಸಿಕೊಂಡಿರುತ್ತಾರೆ. ಮೂರನೇ ವಾರ ಪೂರೈಕೆ ಸಲೀಸಾಗಿ ಬಾಕಿ 60 ಬಂದಿಳಿದಾಗ ಕೇಳುವವರೇ ಇರುವುದಿಲ್ಲ.

ಇದು ಫೋನಿನಲ್ಲೂ ಆಗುತ್ತದೆ, ಆದರೆ ಫೋನು ತಪ್ಪನ್ನು ನುಂಗಿಕೊಳ್ಳುತ್ತದೆ. ಮನೆಯಲ್ಲಿ ನಾಲ್ಕು ಜನಕ್ಕೆ ನಾಲ್ಕು ಫೋನು, ಟ್ಯಾಬ್ ಒಂದೇ. ಗಾಜು ಒಡೆಯದಿದ್ದರೆ ಅದನ್ನೇ ನಾಲ್ಕೈದು ವರ್ಷ ತಳ್ಳುತ್ತಾರೆ. ಈ ವಾರ ಮಿಕ್ಕ ಫೋನು ಮುಂದಿನ ವಾರ ಹೋಗುತ್ತದೆ; ಮಿಕ್ಕ ಟ್ಯಾಬ್ ದಸರಾ ಆಫರಿನವರೆಗೆ ಕಾಯುತ್ತದೆ.

ಕೊರತೆಯನ್ನು ಇನ್ನಷ್ಟು ಗೋಜಲು ಮಾಡುವುದು ಮಾದರಿಗಳ ಸಂಖ್ಯೆ. 128 ಜಿಬಿ, 256 ಜಿಬಿ ಎಂದು ಎರಡು, ವೈಫೈ ಮಾತ್ರ ಇರುವುದು, ಸಿಮ್ ಕೂಡ ಇರುವುದು ಎಂದು ಎರಡು, ಬಣ್ಣ ಮೂರು. ಅಲ್ಲಿಗೆ ಒಂದೇ ಟ್ಯಾಬ್ 12 ಬಗೆಯ ಮಾಲಾಯಿತು. ಜಿಲ್ಲಾ ಕೇಂದ್ರದ ಅಂಗಡಿಗೆ ಮೊದಲ ಕಂತಿನಲ್ಲಿ ಎಂಟೋ ಹತ್ತೋ ಬಂದರೆ ಎಲ್ಲ ಬಗೆಯದೂ ಒಂದೊಂದು ಬರುವುದಿಲ್ಲ. ವಿತರಕರ ಗೋದಾಮಿನಲ್ಲಿ ಏನು ಉಳಿದಿತ್ತೋ ಅದು ಬರುತ್ತದೆ. ತಿಳಿಬಣ್ಣದ, 256 ಜಿಬಿಯ, ವೈಫೈ ಮಾತ್ರದ ನಾಲ್ಕು ಪೀಸು ಬಂದಿರುತ್ತವೆ. ಪಾವಗಡದಿಂದ ಬಂದವರು ಕೇಳುವುದು 128 ಜಿಬಿ, ಸಿಮ್ ಇರುವುದು. ಹಳ್ಳಿ ಕಡೆಯ ಮನೆಗಳಲ್ಲಿ ಬ್ರಾಡ್‌ಬ್ಯಾಂಡ್ ಕಡಿಮೆ, ಹಾಗಾಗಿ ನಮ್ಮ ಕಡೆ ಸಿಮ್ ಮಾದರಿ ಕೇಳುವವರು ಹೆಚ್ಚು. ಕಂಪನಿಗಳು ಸಾಮಾನ್ಯವಾಗಿ ಮೊದಲು ತುಂಬಿಸುವುದು ವೈಫೈ ಮಾದರಿಯನ್ನು. ಈ ರೂಢಿ ಮೊದಲ ಐಪ್ಯಾಡಿನಷ್ಟೇ ಹಳೆಯದು: ಅಮೆರಿಕದಲ್ಲಿ 2010ರ ಏಪ್ರಿಲ್ 3ರಂದು ವೈಫೈ ಮಾದರಿ ಬಂತು, 3ಜಿ ಮಾದರಿ ಬಂದದ್ದು ಏಪ್ರಿಲ್ 30ಕ್ಕೆ.

ಅದೇ ಐಪ್ಯಾಡ್ ಮೊದಲ ದಿನ 3 ಲಕ್ಷ, 28 ದಿನದಲ್ಲಿ 10 ಲಕ್ಷ ಹೋಯಿತು. ಅಮೆರಿಕಕ್ಕೇ ಸಾಲದೆ ಹೊರದೇಶಗಳ ಬಿಡುಗಡೆಯನ್ನು ಒಂದು ತಿಂಗಳು ಮುಂದೂಡಿದರು. ಭಾರತಕ್ಕೆ ಅಧಿಕೃತವಾಗಿ ಬಂದದ್ದು 2011ರ ಜನವರಿಯಲ್ಲಿ. ಈಗ ಅಷ್ಟು ಅಂತರವಿಲ್ಲ. ಆದರೂ ಮೊದಲು ಹೆಚ್ಚು ಮಾರುವ ಊರು, ಆಮೇಲೆ ಉಳಿದವು ಎಂಬ ಸರದಿ ಹಾಗೇ ಇದೆ. ಬೆಂಗಳೂರಿನ ದೊಡ್ಡ ಮಳಿಗೆಗಳು ಮತ್ತು ಆನ್‌ಲೈನ್ ಗೋದಾಮುಗಳು ತುಂಬಿದ ಮೇಲೆ ಉಳಿದದ್ದು ನೆಲಮಂಗಲ ದಾಟಿ ನಮ್ಮ ಕಡೆ ಬರುತ್ತದೆ. 70 ಕಿಲೋಮೀಟರ್ ದಾರಿಗೆ ಎರಡು ಗಂಟೆ ಸಾಕು, ಮಾಲಿನ ಸರದಿಗೆ ಎರಡು ವಾರವೂ ಆಗಬಹುದು.

‘ಕೋಲಾರದ ನರಸಾಪುರದಲ್ಲೇ ಐಫೋನ್ ಮಾಡ್ತಾರಲ್ಲ, ಟ್ಯಾಬ್ ಯಾಕೆ ಇಷ್ಟು ತಡ?’ ಎಂದು ಕೇಳುವವರಿದ್ದಾರೆ. ಅಲ್ಲಿ ತಯಾರಾಗುವುದು ಫೋನು. ಐಪ್ಯಾಡಿನ ಜೋಡಣೆ ಬಹುಮಟ್ಟಿಗೆ ಚೀನಾದಲ್ಲಿ, ಸ್ವಲ್ಪ ವಿಯೆಟ್ನಾಮಿನಲ್ಲಿ. ನಮ್ಮ ರಾಜ್ಯದಲ್ಲೇ ಕಾರ್ಖಾನೆ ಇದ್ದರೂ ಮಾಲು ಕಂಪನಿಯ ಹಂಚಿಕೆ ಪಟ್ಟಿಯ ಪ್ರಕಾರವೇ ಬರಬೇಕು, ಕಾರ್ಖಾನೆ ಗೇಟಿನಿಂದ ನೇರ ಬರುವುದಿಲ್ಲ.

ನಿಜವಾದ ಕೊರತೆ ಇರುವುದೇ ಇಲ್ಲ ಎಂದಲ್ಲ. 2021ರಲ್ಲಿ ಇತ್ತು. ಆನ್‌ಲೈನ್ ಕ್ಲಾಸಿನ ಕಾಲ. ಪರದೆ ನಡೆಸುವ ಚಿಪ್ಪು, ವಿದ್ಯುತ್ ನಿಭಾಯಿಸುವ ಚಿಪ್ಪಿನಂಥ ಅಗ್ಗದ ಭಾಗಗಳೇ ಸಿಗುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಹಿಮಗಾಳಿಗೆ ಚಿಪ್ ಕಾರ್ಖಾನೆಗಳು ನಿಂತವು, ಮಾರ್ಚಿನಲ್ಲಿ ಜಪಾನಿನ ರೆನೆಸಾಸ್ ಕಾರ್ಖಾನೆಗೆ ಬೆಂಕಿ ಬಿತ್ತು. ಭಾಗ ಕಡಿಮೆಯಿದ್ದಾಗ ಕಂಪನಿ ಅದನ್ನು ಲಾಭ ಹೆಚ್ಚಿರುವ ಫೋನಿಗೆ ಹಾಕುತ್ತದೆ, ಟ್ಯಾಬ್ ಎರಡನೇ ಪಂಕ್ತಿ. 2025ರ ಕೊನೆಯಿಂದ ಮೆಮೊರಿ ಚಿಪ್ಪಿನದು ಇದೇ ಕಥೆ. ಎಐ ಸರ್ವರುಗಳಿಗೆ ಬೇಕಾದ ಮೆಮೊರಿಯತ್ತ ತಯಾರಕರು ತಿರುಗಿದ್ದರಿಂದ ಸಾಮಾನ್ಯ ಮೆಮೊರಿ ದುಬಾರಿಯಾಯಿತು. ‘ಮೂರು ತಿಂಗಳು ತಡೀರಿ, ರೇಟು ಇಳಿಯುತ್ತೆ’ ಎಂಬ ಹಳೆಯ ಸಲಹೆಯನ್ನು ಇಂಥ ಹೊತ್ತಿನಲ್ಲಿ ಕಣ್ಣುಮುಚ್ಚಿ ಕೊಡುವಂತಿಲ್ಲ.

ಸುದ್ದಿಯೇ ಕೊರತೆ ಹುಟ್ಟಿಸುವುದೂ ಉಂಟು. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ ಆಮದಿಗೆ ಪರವಾನಗಿ ಬೇಕು ಎಂದಿತು. ಮರುದಿನವೇ ಅದನ್ನು ಅಕ್ಟೋಬರ್ 31ರವರೆಗೆ ಮುಂದೂಡಿತು. ಇಂಥ ಸುದ್ದಿ ಬಂದಾಗ ಮಾಲು ಕೂಡಿಟ್ಟುಕೊಳ್ಳುವ ಆಸೆ ಸಹಜ. ತಿಪಟೂರಿನ ಕೊಬ್ಬರಿ ವ್ಯಾಪಾರಿ ಒಳ್ಳೆ ಬೆಲೆ ಬರಲಿ ಎಂದು ಮಾಲು ಹಿಡಿದಿಡಬಹುದು. ಟ್ಯಾಬ್‌ಗೆ ಆ ಸವಲತ್ತು ಇಲ್ಲ, ಮುಂದಿನ ಮಾಡೆಲ್ ಬಂದ ದಿನ ಕೈಲಿರುವುದು ಹಳೆಯದಾಗುತ್ತದೆ.

ಬೆಲೆಯನ್ನು ಬಿಟ್ಟು ಬೇಡಿಕೆಯ ಮಾತಾಡುವುದರಲ್ಲಿ ಅರ್ಥವಿಲ್ಲ. ಎಚ್‌ಪಿ ಕಂಪನಿಯ ಟಚ್‌ಪ್ಯಾಡ್ 2011ರ ಜುಲೈ 1ಕ್ಕೆ 499 ಡಾಲರಿಗೆ ಬಂತು, ಕೇಳುವವರಿಲ್ಲದೆ ಆಗಸ್ಟ್ 18ಕ್ಕೆ ನಿಲ್ಲಿಸಿದರು. 99 ಡಾಲರ್ ಎಂದೊಡನೆ ಜನ ಮುಗಿಬಿದ್ದು ಖಾಲಿ ಮಾಡಿದರು. ಮೈಕ್ರೋಸಾಫ್ಟ್ ತನ್ನ ಸರ್ಫೇಸ್ ಆರ್‌ಟಿ ಟ್ಯಾಬನ್ನು ಅಂದಾಜು ಮೀರಿ ತಯಾರಿಸಿ 2013ರಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಅಂಥವರ ಅಂದಾಜೇ ಅಷ್ಟು ತಪ್ಪಿದರೆ ಬಿ.ಎಚ್. ರಸ್ತೆಯ ಅಂಗಡಿಯವರು ಹುಷಾರಾಗಿರುವುದು ಒಳ್ಳೆಯದು.

ಒಂದು ಪೀಸಿನ ಲೆಕ್ಕ ಬಿಡಿಸಿ ನೋಡೋಣ. ಮಾರುವ ಬೆಲೆ 32,999, ಕೊಂಡ ಬೆಲೆ 31,500. ಎರಡರಲ್ಲೂ 18 ಪರ್ಸೆಂಟ್ ಜಿಎಸ್‌ಟಿ ಸೇರಿದೆ ಎಂದುಕೊಳ್ಳಿ. ವ್ಯತ್ಯಾಸ 1,499. ಅದರಲ್ಲಿ ತೆರಿಗೆ ಕಳೆದರೆ ಕೈಗೆ 1,270. ಕಾರ್ಡು ಉಜ್ಜಿದ್ದಕ್ಕೋ ಇಎಂಐಗೋ ನೂರಕ್ಕೆ 1ರಂತೆ 330 ಹೋಯಿತು. ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಖಾತೆಯ ಬಡ್ಡಿ ವರ್ಷಕ್ಕೆ 12 ಪರ್ಸೆಂಟ್ ಎಂದರೆ ತಿಂಗಳಿಗೆ 315. ಎರಡು ತಿಂಗಳು ಕಪಾಟಿನಲ್ಲಿ ಕೂತರೆ ಉಳಿಯುವುದು 310 ರೂಪಾಯಿ. ಅಷ್ಟರಲ್ಲಿ ಕಂಪನಿ ಬೆಲೆಯನ್ನು 2,000 ಇಳಿಸಿ ವ್ಯತ್ಯಾಸ ತುಂಬಿಕೊಡದಿದ್ದರೆ, ಪೀಸಿಗೆ ಸುಮಾರು 1,400 ಕೈಯಿಂದ ಕಟ್ಟಬೇಕು. ಒಂದು ಮಿಕ್ಕರೆ, ಬಂದ ಕೂಡಲೇ ಮಾರಿದ ಒಂದೂವರೆ ಪೀಸಿನ ಗಳಿಕೆ ಅಲ್ಲಿಗೆ ಸರಿಹೋಯಿತು.

ಅದಕ್ಕೇ ಬುಕಿಂಗ್ ಪುಸ್ತಕ ಬಿಗಿಯಾಗಿರಬೇಕು. ಬರೀ ಹೆಸರು, ನಂಬರು ಬರೆದರೆ ಅದು ವಿಚಾರಣೆ ಅಷ್ಟೇ. 2,000 ರೂಪಾಯಿ ಮುಂಗಡ ಕೊಟ್ಟವರದ್ದು ಮಾತ್ರ ಬುಕಿಂಗ್. ಜಿಬಿ ಎಷ್ಟು, ಸಿಮ್ ಬೇಕೋ ಬೇಡವೋ, ಮೊದಲ ಬಣ್ಣ, ಅದಿಲ್ಲದಿದ್ದರೆ ಎರಡನೇ ಬಣ್ಣ ಎಲ್ಲ ಬರೆಸಿಕೊಂಡು, ಇಂಥ ತಾರೀಖಿಗೆ ಮಾಲು ಬಾರದಿದ್ದರೆ ಮುಂಗಡ ವಾಪಸ್ ಎಂದು ರಸೀದಿ ಕೊಡಿ. ಮುಂಗಡ ಕೇಳಿದೊಡನೆ 30 ಹೆಸರು 10ಕ್ಕೆ ಇಳಿಯುತ್ತದೆ, ಆ ಹತ್ತೇ ನಿಜ. ಮೊದಲ ಆರ್ಡರು ಮುಂಗಡ ಬಂದಷ್ಟಕ್ಕೆ, ಜೊತೆಗೆ ಮುಂದಿಡಲು ಎರಡು ಪೀಸು. ಎರಡನೇ ಆರ್ಡರು ಮೊದಲ ಹತ್ತು ದಿನದಲ್ಲಿ ಬಿಲ್ಲಾದದ್ದನ್ನು ನೋಡಿ, ಕೇಳಿಹೋದವರ ಸಂಖ್ಯೆ ನೋಡಿ ಅಲ್ಲ. ಬೆಲೆ ಇಳಿದರೆ ಎಷ್ಟು ದಿನದೊಳಗಿನ ಮಾಲಿಗೆ ಕ್ರೆಡಿಟ್ ನೋಟ್ (ವ್ಯತ್ಯಾಸದ ಹಣ ಜಮಾ ಮಾಡುವ ಚೀಟಿ) ಕೊಡುತ್ತೀರಿ ಎಂಬುದನ್ನು ವಿತರಕರಿಂದ ಬರವಣಿಗೆಯಲ್ಲಿ ಪಡೆಯಿರಿ. ‘ನೋಡ್ಕೊಳ್ಳೋಣ ಬಿಡಿ ಸಾರ್’ ಎಂಬ ಮಾತು ಲೆಕ್ಕಪುಸ್ತಕದಲ್ಲಿ ನಿಲ್ಲುವುದಿಲ್ಲ. ಎರಡು ಹೊಸ ಟ್ಯಾಬ್ ಬೇಕಾದರೆ ಹೋಗದ ಐದು ಸ್ಪೀಕರು ತಗೊಳ್ಳಿ ಎಂದು ಗಂಟು ಹಾಕಿದರೆ, ಆ ಸ್ಪೀಕರಿನ ನಷ್ಟವನ್ನೂ ಟ್ಯಾಬ್‌ನ ಬೆಲೆಗೆ ಸೇರಿಸಿ ನೋಡಿ. ಬೇಡ ಎನ್ನುವುದೇ ಎಷ್ಟೋ ಸಲ ಲಾಭ.

ಪೆನ್ನು, ಕೀಬೋರ್ಡು, ಕವರುಗಳನ್ನು ಜನ ಹಗುರವಾಗಿ ನೋಡುತ್ತಾರೆ, ಮಾಲು ಮೂಲೆ ಹಿಡಿಯುವುದು ಹೆಚ್ಚಾಗಿ ಇಲ್ಲೇ. 2024ರ ಮೇ ತಿಂಗಳಲ್ಲಿ ಬಂದ ಐಪ್ಯಾಡ್ ಪ್ರೊ ಮತ್ತು ಏರ್‌ಗೆ ಎರಡನೇ ತಲೆಮಾರಿನ ಆಪಲ್ ಪೆನ್ಸಿಲ್ ಕೆಲಸ ಮಾಡುವುದಿಲ್ಲ. ಪೆನ್ಸಿಲ್ ಪ್ರೊ ಅಥವಾ ಯುಎಸ್‌ಬಿ-ಸಿ ಪೆನ್ಸಿಲ್ಲೇ ಬೇಕು. ಹೊಸ ಟ್ಯಾಬ್ ಬಂದ ದಿನ ಹಳೆಯ ಪೆನ್ನಿನ ದಾಸ್ತಾನು ಅರ್ಧ ಸತ್ತಂತೆ. ಕವರೂ ಅಷ್ಟೆ, ಕ್ಯಾಮೆರಾ ಜಾಗ ಎರಡು ಮಿಲಿಮೀಟರ್ ಸರಿದರೆ ಹಳೆಯದು ಕೂರದು.

ಇನ್ನು ಕೊಳ್ಳುವವರು. ತೋಟದ ಅಳತೆ, ಇನ್ಶೂರೆನ್ಸ್ ತಪಾಸಣೆ ಎಂದು ಹೊರಗೆ ತಿರುಗುವವರು ಗಮನಿಸಬೇಕಾದ್ದು: ವೈಫೈ ಮಾತ್ರದ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ. ಫೋನಿನ ಹಾಟ್‌ಸ್ಪಾಟ್ ಸಾಕು ಎಂದು ಅಗ್ಗದ್ದನ್ನು ಒಯ್ದವರು ಹೊಲದಲ್ಲಿ ನಿಂತು ಪರದಾಡುತ್ತಾರೆ. 2024ರ ನಂತರದ ಸಿಮ್ ಮಾದರಿ ಐಪ್ಯಾಡುಗಳಲ್ಲಿ ಸಿಮ್ ಹಾಕುವ ಟ್ರೇ ಇಲ್ಲ, ಇಸಿಮ್ (ಕಾರ್ಡಿಲ್ಲದೆ ಟ್ಯಾಬ್‌ನೊಳಗೇ ಇರುವ ಸಿಮ್) ಮಾತ್ರ. ನಿಮ್ಮ ಸಿಮ್ ಕಂಪನಿಯ ಇಸಿಮ್ ಹೇಗೆ ಮಾಡಿಸಬೇಕು ಎಂದು ಮೊದಲೇ ವಿಚಾರಿಸಿ.

ಡಬ್ಬ ಕೈಗೆ ಬಂದ ಮೇಲೆ ಅವಸರ ಬೇಡ. ಲೇಬಲ್ಲಿನಲ್ಲಿ ತಯಾರಾದ ತಿಂಗಳು–ವರ್ಷ, ತಯಾರಾದ ದೇಶ, ಆಮದು ಮಾಡಿಕೊಂಡವರ ವಿಳಾಸ, ಎಂಆರ್‌ಪಿ ಇರಲೇಬೇಕು. ‘ಈಗಷ್ಟೇ ಬಂದ ಸ್ಟಾಕು’ ಎಂದವರ ಡಬ್ಬದ ಮೇಲೆ ಹತ್ತು ತಿಂಗಳ ಹಿಂದಿನ ತಾರೀಖಿದ್ದರೆ ಬೆಲೆ ಚೌಕಾಸಿ ಮಾಡಿ. ಅಷ್ಟು ದಿನ ಕೂತ ಟ್ಯಾಬ್‌ನ ಬ್ಯಾಟರಿ ಇಳಿದಿರುತ್ತದೆ. ಆನ್ ಆಗಲಿಲ್ಲ ಎಂದರೆ ಕೆಟ್ಟಿದೆ ಎಂದಲ್ಲ, ಅರ್ಧ ಗಂಟೆ ಚಾರ್ಜಿಗಿಟ್ಟು ನೋಡಬೇಕು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಸ್ಕೀಮುಗಳಲ್ಲಿ ಅಂಗಡಿಗೆ ಕಮಿಷನ್ ಸಿಗುವುದು ಬಿಲ್ಲಿನ ಮೇಲಲ್ಲ, ತಿಂಗಳ ಕೊನೆಯೊಳಗೆ ಎಷ್ಟು ಟ್ಯಾಬ್ ಚಾಲೂ ಆದವು ಎಂಬುದರ ಮೇಲೆ. ಗುರಿ ಮುಟ್ಟಲು ಯಾರೋ ಡಬ್ಬ ಬಿಚ್ಚಿ, ಒಮ್ಮೆ ಇಂಟರ್‌ನೆಟ್ಟಿಗೆ ಜೋಡಿಸಿ, ಮತ್ತೆ ಮುಚ್ಚಿಟ್ಟಿದ್ದರೆ ಕಂಪನಿಯ ದಾಖಲೆಯಲ್ಲಿ ವಾರಂಟಿ ಅಂದೇ ಶುರುವಾಗಿರುತ್ತದೆ. ಅಂಗಡಿಯಲ್ಲೇ ಆನ್ ಮಾಡಿಸಿ, ಸೆಟ್ಟಿಂಗ್ಸಿನ ಸೀರಿಯಲ್ ನಂಬರು, ಡಬ್ಬದ್ದು, ಬಿಲ್ಲಿನದು ಮೂರೂ ತಾಳೆ ಹಾಕಿ. ಆ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಮುಗಿಯುವ ದಿನ ನೋಡಿ. ಇವತ್ತಿಗೆ ಸರಿಯಾಗಿ ಒಂದು ವರ್ಷ ತೋರಿಸಬೇಕು. ಕಡಿಮೆ ಇದ್ದರೆ ಬೇರೆ ಪೀಸು ಕೇಳಿ. ಕಂಪನಿ ಬಿಲ್ಲಿನ ತಾರೀಖು ನೋಡಿ ಸರಿಪಡಿಸಿಕೊಡಬಹುದು, ಆದರೆ ಆ ಅಲೆದಾಟ ನಿಮ್ಮ ಪಾಲಿಗೆ. ಅಂಗಡಿ ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಬಿಲ್ಲು ಮಾತ್ರ ಜಿಎಸ್‌ಟಿ ನಂಬರಿರುವ ಪಕ್ಕಾ ಬಿಲ್ಲೇ ಆಗಿರಲಿ.