ಗಾಂಧಾರ ಬಿಟ್ಟ ಗಿಟಾರು

ಗಣಪತಿ ಹಬ್ಬ ಬಂತೆಂದರೆ ಶಿವಮೊಗ್ಗದ ಬೀದಿಗಳಲ್ಲಿ ಆರ್ಕೆಸ್ಟ್ರಾಗಳ ಭರಾಟೆ. ಈ ಸಲ ಹೋದಾಗ ಗಿಟಾರ್ ನುಡಿಸುವವರ ಬೆರಳುಗಳನ್ನು ಗಮನಿಸಿ. ನಿಧಾನದ ಹಾಡಿಗೆ ಬೆರಳುಗಳು ತಂತಿಗಳ ಮೇಲೆಲ್ಲ ಹರಡಿಕೊಂಡಿರುತ್ತವೆ. ಕುಣಿಯುವ ಹಾಡು ಶುರುವಾಗಿ, ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲನ್ನು ಕಾಲು ಒತ್ತಿತು ಅನ್ನಿ. ಆಗ ಹೆಚ್ಚಾಗಿ ಎರಡು ಬೆರಳು, ಎರಡು ದಪ್ಪ ತಂತಿ, ಅಷ್ಟೇ. ಸದ್ದು ಮಾತ್ರ ಮೊದಲಿಗಿಂತ ಭಾರಿ.

ಇದು ಪವರ್ ಕಾರ್ಡ್. ಕಾರ್ಡ್ ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ರಾಕ್ ಸಂಗೀತದ ಅರ್ಧ ಜೀವ ಇದರಲ್ಲಿದೆ. ಮಾಮೂಲಿ ಮೇಜರ್ ಕಾರ್ಡ್‌ನಲ್ಲಿ ಸ, ಗ, ಪ ಎಂದು ಮೂರು ಸ್ವರ ಇರುತ್ತವೆ. ಪವರ್ ಕಾರ್ಡ್‌ನಲ್ಲಿ ಗಾಂಧಾರ ಇಲ್ಲ, ಬರೀ ಸ ಮತ್ತು ಪ. ಮಲೆನಾಡಿನ ಕಿವಿಗೆ ಇದು ಹೊಸದೇನಲ್ಲ, ಅಲ್ವಾ? ತಂಬೂರಿಯಲ್ಲಿ ಸಾಮಾನ್ಯವಾಗಿ ಮೀಟುವುದು ಇದೇ ಜೋಡಿಯನ್ನು. ಸಾಗರ, ಹೊಸನಗರದ ಕಡೆ ಯಕ್ಷಗಾನದಲ್ಲಿ ಭಾಗವತರ ಹಿಂದೆ ನುಡಿಯುವ ಶ್ರುತಿ ಪೆಟ್ಟಿಗೆಯಲ್ಲೂ ಇದೇ ಇದೆ. ರಾಕ್ ಅಂದರೆ ಬರೀ ಗದ್ದಲ ಅನ್ನುವವರಿಗೆ ನಾನು ಮೊದಲು ಹೇಳುವ ಮಾತು ಇದು.

ಹಾಗಾದರೆ ಗಾಂಧಾರ ಬಿಡುವುದೇಕೆ? ಕಾರಣ ಆ ಪೆಡಲ್‌ ಒಳಗಿದೆ. ತಂತಿಯ ಕಂಪನ ವಿದ್ಯುತ್ ಅಲೆಯಾಗಿ ಪೆಡಲ್‌ಗೆ ಬರುತ್ತದೆ. ಪೆಡಲ್ ಅದನ್ನು ವಿಪರೀತ ಹಿಗ್ಗಿಸಿ, ಮಿತಿ ದಾಟಿದ ಭಾಗವನ್ನು ಕತ್ತರಿಸುತ್ತದೆ. ದುಂಡಗಿದ್ದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹೀಗೆ ಕತ್ತರಿಸಿದಾಗ ನಾವು ನುಡಿಸದ ಸ್ವರಗಳೂ ಹುಟ್ಟುತ್ತವೆ. ಎರಡು ಸ್ವರ ಒಟ್ಟಿಗೆ ಒಳಗೆ ಹೋದರೆ, ಅವುಗಳ ಕಂಪನಗಳನ್ನು ಕೂಡಿದಾಗ ಬರುವ ಸ್ವರ, ಕಳೆದಾಗ ಬರುವ ಸ್ವರ ಎರಡೂ ಹೊರಗೆ ಬರುತ್ತವೆ.

ಲೆಕ್ಕ ಹಾಕಿ ನೋಡೋಣ. ಗಿಟಾರಿನ 5ನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ ಸೆಕೆಂಡಿಗೆ 110 ಕಂಪನ. ಅದನ್ನು ಸ ಅಂದುಕೊಳ್ಳಿ. 4ನೇ ತಂತಿಯನ್ನು 2ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಹತ್ತಿರ ಒತ್ತಿದರೆ ಹೆಚ್ಚುಕಮ್ಮಿ 165, ಅದು ಪ. ಕಳೆದರೆ 55. ಅಂದರೆ ಒಂದು ಸ್ಥಾಯಿ ಕೆಳಗಿನ ಸ. ಗಿಟಾರಿನ ಅತಿ ದಪ್ಪ ತಂತಿಯೂ ಮಾಮೂಲಿ ಶ್ರುತಿಯಲ್ಲಿ 82ರವರೆಗೆ ಮಾತ್ರ ಇಳಿಯುತ್ತದೆ. ಆ ಭಾರಿ ಸದ್ದಿನ ಒಂದು ಪಾಲು ಇಲ್ಲಿಂದ ಬರುತ್ತದೆ. ಇನ್ನು ಕೂಡಿದರೆ 275. ಮೇಲಿನ ಸ 220 ಆಗಿರುವಾಗ 275 ಯಾವ ಸ್ವರ? 4ಕ್ಕೆ 5ರ ಅನುಪಾತ, ಅಂದರೆ ಅಂತರ ಗಾಂಧಾರ! ಬೆರಳು ಬಿಟ್ಟ ಸ್ವರವನ್ನು ಪೆಡಲ್ ತಾನೇ ಹುಟ್ಟಿಸಿಕೊಂಡಿದೆ. ಒಳ್ಳೆಯ ತಂಬೂರಿಯ ಹತ್ತಿರ ಕೂತವರಿಗೆ ಮಂದ್ರ ಷಡ್ಜದ ತಂತಿಯಿಂದ ತಾನಾಗಿ ಏಳುವ ಗಾಂಧಾರ ಗೊತ್ತು. ಅದಕ್ಕೆ ಸ್ವಯಂಭೂ ಗಾಂಧಾರ ಅನ್ನುತ್ತಾರೆ. ಅದು ಹುಟ್ಟುವ ದಾರಿ ಬೇರೆ, ಆದರೆ ಅನುಪಾತ ಇದೇ.

ಈಗ ಪೆಡಲ್ ಒತ್ತಿಕೊಂಡೇ ಪೂರ್ತಿ ಮೇಜರ್ ಕಾರ್ಡ್ ಹಿಡಿಯಿರಿ. 2ನೇ ತಂತಿಯ 2ನೇ ಫ್ರೆಟ್‌ನಲ್ಲಿ ಸಿಗುವ ಗಾಂಧಾರ 277. ತಾನಾಗಿ ಹುಟ್ಟಿದ್ದು 275. ಎರಡೂ ಒಂದಕ್ಕೊಂದು ಅಂಟಿಕೊಂಡು ಸೆಕೆಂಡಿಗೆ ಎರಡು ಸಲಕ್ಕಿಂತ ಜಾಸ್ತಿ ಅಲುಗಾಡುತ್ತವೆ. ಇಂಥ ಜೋಡಿಗಳು ಇನ್ನೂ ಎಷ್ಟೋ ಹುಟ್ಟಿ ಸದ್ದು ರಾಡಿಯಾಗುತ್ತದೆ. ತಪ್ಪು ನುಡಿಸುವವರದ್ದಲ್ಲ, ಫ್ರೆಟ್‌ಗಳದ್ದು. ಸ್ಥಾಯಿಯನ್ನು 12 ಸಮಪಾಲು ಮಾಡಿದಾಗ ಪಂಚಮ ಷಡ್ಜದ 1.5 ಪಟ್ಟಿನ ಬದಲು 1.498 ಪಟ್ಟಿಗೆ ಬೀಳುತ್ತದೆ, ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಗಾಂಧಾರ 1.25 ಇರಬೇಕಾದದ್ದು 1.26 ಆಗುತ್ತದೆ. ಮೆಲು ದನಿಯಲ್ಲಿ ಇದನ್ನು ಸಹಿಸಿಕೊಳ್ಳಬಹುದು. ಪೆಡಲ್ ಅದನ್ನು ಎತ್ತಿ ತೋರಿಸುತ್ತದೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಟೋನಿ ಐಯೋಮಿ, ಮುಂದೆ ಬ್ಲ್ಯಾಕ್ ಸಬಾತ್ ಎಂಬ ರಾಕ್ ತಂಡದ ಗಿಟಾರ್ ವಾದಕರಾದವರು, 1965ರಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡರು. ಆಮೇಲೆ ಬೆರಳಿಗೆ ಟೋಪಿ ಮಾಡಿಕೊಂಡು ನುಡಿಸಿದರು, ಮುಂದೆ ತಂತಿಗಳನ್ನೂ ಸಡಿಲಿಸಿದರು. ಅವರ ತಂಡದ ರಿಫ್‌ಗಳ ಬೆನ್ನೆಲುಬು ಇದೇ ಸ-ಪ ಜೋಡಿ.

ರಿಫ್ ಅಂದರೆ ಮತ್ತೆ ಮತ್ತೆ ಬರುವ ಸಣ್ಣ ಪಲುಕು. ರಾಕ್ ರಿಫ್‌ಗಳಲ್ಲಿ ತುಂಬ ಬಳಕೆಯಾಗುವ ಮೈನರ್ ಪೆಂಟಾಟಾನಿಕ್ ಸ್ವರಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ: ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪ, ಕೈಶಿಕಿ ನಿಷಾದ. ತಂಬೂರಿಯ ಸ-ಪ ಕೂತಲ್ಲೇ ಇರುತ್ತದೆ, ರಿಫ್‌ನಲ್ಲಿ ಆ ಜೋಡಿಯೇ ಈ ಸ್ವರಗಳ ಮೇಲೆ ನಡೆಯುತ್ತದೆ. ಗಾಂಧಾರದ ಮೇಲೆ ನಿಂತರೆ ಅದರ ಪಂಚಮವಾಗಿ ನಿಷಾದ ಬರುತ್ತದೆ. ಮಧ್ಯಮದ ಮೇಲೆ ಷಡ್ಜ, ನಿಷಾದದ ಮೇಲೆ ಮಧ್ಯಮ. ಎಲ್ಲವೂ ರಾಗದೊಳಗಿನವೇ. ಪಂಚಮದ ಮೇಲೆ ನಿಂತಾಗ ಮಾತ್ರ ಚತುಶ್ರುತಿ ರಿಷಭ ನುಸುಳುತ್ತದೆ. ಮಳೆಗಾಲದ ಥಂಡಿಗೆ ಗಿಟಾರಿನ ಶ್ರುತಿ ಕದಲಿರುತ್ತದೆ, ಮೊದಲು ಅದನ್ನು ಸರಿ ಮಾಡಿಕೊಳ್ಳಿ. ಆಮೇಲೆ ಮೊಬೈಲ್‌ನಲ್ಲಿ ತಂಬೂರಿ ಹಾಕಿಕೊಂಡು ಐದೂ ಜೋಡಿ ನುಡಿಸಿ. ಆ ರಿಷಭ ಬಂದ ಜಾಗ ಕಿವಿಗೇ ಗೊತ್ತಾಗುತ್ತದೆ.