ಫೈರ್‌ಡ್ಯಾಂಪ್: ಕಲ್ಲಿದ್ದಲ ಗಣಿಯಲ್ಲಿ ಸಿಡಿಯುವ ಗಾಳಿ

‘ಡ್ಯಾಂಪ್’ ಎಂದೊಡನೆ ಒದ್ದೆ ಗೋಡೆ ನೆನಪಾದರೆ ತಪ್ಪಲ್ಲ. ಆದರೆ ಗಣಿಯವರ ಡ್ಯಾಂಪ್, ಆವಿ ಎಂಬ ಅರ್ಥದ ಜರ್ಮನ್ ಪದ ‘ಡಾಂಪ್ಫ್’ನ ನೆಂಟ. ಉಸಿರು ಕಟ್ಟಿಸುವುದು ಬ್ಲ್ಯಾಕ್‌ಡ್ಯಾಂಪ್, ಸ್ಫೋಟದ ನಂತರ ಉಳಿಯುವ ವಿಷಗಾಳಿ ಆಫ್ಟರ್‌ಡ್ಯಾಂಪ್, ಹೊತ್ತಿ ಸಿಡಿಯುವುದು ಫೈರ್‌ಡ್ಯಾಂಪ್. ಇದರಲ್ಲಿ ಬಹುಪಾಲು ಮೀಥೇನ್. ಹಳ್ಳಿಮನೆಯ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವುದೂ ಇದೇ.

ಕಲ್ಲಿದ್ದಲು ರೂಪುಗೊಳ್ಳುವಾಗಲೇ ಹುಟ್ಟಿದ ಈ ಅನಿಲ ಅದರ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಪದರವನ್ನು ಕಡಿದಾಗ ಒತ್ತಡ ಸಡಿಲಿ ಹೊರಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಹಗುರವಾದ್ದರಿಂದ ಸುರಂಗದ ನೆತ್ತಿಗೆ ಹೋಗಿ ನಿಲ್ಲುತ್ತದೆ.

ಗಾಳಿಯಲ್ಲಿ ಮೀಥೇನ್ ಶೇ. 5ಕ್ಕಿಂತ ಕಡಿಮೆಯಿದ್ದರೆ ಸ್ಫೋಟವಿಲ್ಲ, ಶೇ. 15 ದಾಟಿದರೂ ಇಲ್ಲ. ನಡುವೆ, ಶೇ. 9.5ರ ಆಸುಪಾಸಿನಲ್ಲಿ, ಅಬ್ಬರ ಅತಿ ಹೆಚ್ಚು. ಶೇ. 15 ದಾಟಿದ್ದನ್ನು ಸುರಕ್ಷಿತ ಎಂದು ಓದಿಕೊಳ್ಳುವುದು ದೊಡ್ಡ ಮೋಸ. ಅಲ್ಲಿ ಕೊರತೆಯಿರುವುದು ಗಾಳಿಗೆ ಮಾತ್ರ. ಹೊರಗಿನ ಗಾಳಿ ಬೆರೆತರೆ ಅನಿಲ ತೆಳುವಾಗುತ್ತಾ ಮತ್ತೆ ಶೇ. 5ರಿಂದ 15ರ ಅದೇ ಅಪಾಯದ ಪಟ್ಟಿಯೊಳಗೆ ಇಳಿಯುತ್ತದೆ.

ಇಂಗ್ಲೆಂಡಿನ ಫೆಲ್ಲಿಂಗ್ ಗಣಿಯಲ್ಲಿ 1812ರಲ್ಲಿ ನಡೆದ ಸ್ಫೋಟ 92 ಜನರನ್ನು ಬಲಿ ತೆಗೆದುಕೊಂಡಿತು. ಮೂರು ವರ್ಷಗಳ ಬಳಿಕ ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ ದೀಪದ ಜ್ವಾಲೆಯನ್ನು ತಂತಿ ಜಾಲರಿಯೊಳಗೆ ಕೂರಿಸಿದರು. ಜಾಲರಿ ಶಾಖವನ್ನು ಹೀರಿಕೊಳ್ಳುವುದರಿಂದ ಉರಿ ಆಚೆ ದಾಟುವುದಿಲ್ಲ. ಈ ದೀಪದ ಇನ್ನೊಂದು ಉಪಯೋಗ ನನಗೆ ಹೆಚ್ಚು ಸೊಗಸಾಗಿ ಕಾಣುತ್ತದೆ: ಬತ್ತಿಯನ್ನು ತಗ್ಗಿಸಿ ದೀಪವನ್ನು ಮೆಲ್ಲನೆ ನೆತ್ತಿಯತ್ತ ಎತ್ತಿದರೆ, ಅನಿಲವಿದ್ದಲ್ಲಿ ಜ್ವಾಲೆಯ ಮೇಲೆ ಮಸುಕು ನೀಲಿಯ ಟೊಪ್ಪಿಗೆ ಮೂಡುತ್ತದೆ. ಅದರ ಎತ್ತರ ನೋಡಿ ಅನಿಲದ ಪ್ರಮಾಣ ಹೇಳುತ್ತಿದ್ದರು. ಭಾರತದ ಗಣಿಗಳಲ್ಲಿ ಅನಿಲ ಪರೀಕ್ಷೆಯ ಹೊಣೆ ‘ಮೈನಿಂಗ್ ಸರ್ದಾರ್’ ಎಂಬ ಹುದ್ದೆಯವರದು, ಮೀಥೇನ್ ಶೇ. 1.25 ಮೀರಿದರೆ ವಿದ್ಯುತ್ ಕಡಿಯಬೇಕು.

ಗಣಿಯೊಳಗೆ ಬೆಂಕಿ ಬಿದ್ದರೆ ಲೆಕ್ಕ ಜಟಿಲವಾಗುತ್ತದೆ. ಆಗ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಕೂಡ ಸೇರಿಕೊಳ್ಳುತ್ತವೆ. ಹೈಡ್ರೋಜನ್ ಶೇ. 4ರಿಂದ 75ರವರೆಗೂ ಸ್ಫೋಟಕ. ಮೀಥೇನ್ ಮತ್ತು ಹೈಡ್ರೋಜನ್ ಸಮಪಾಲಾಗಿದ್ದರೆ, ಫ್ರೆಂಚ್ ರಸಾಯನಶಾಸ್ತ್ರಜ್ಞ ಲೆ ಶಾಟೆಲಿಯೆ ಅವರ ಸೂತ್ರದಂತೆ ಸ್ಫೋಟದ ಕೆಳಮಿತಿ ಶೇ. 4.4ಕ್ಕೆ ಇಳಿಯುತ್ತದೆ, ಮೇಲ್ಮಿತಿ ಶೇ. 25ಕ್ಕೆ ಏರುತ್ತದೆ.

ಇನ್ನು ಕಲ್ಲಿದ್ದಲ ಧೂಳು. ಅನಿಲದ ಸಣ್ಣ ಸ್ಫೋಟವೊಂದು ನೆಲದ ಧೂಳನ್ನು ಎಬ್ಬಿಸಿ ಹೊತ್ತಿಸಿದರೆ ಉರಿ ಸುರಂಗದುದ್ದಕ್ಕೂ ಓಡುತ್ತದೆ. ಫ್ರಾನ್ಸಿನ ಕುರಿಯೇರ್ ಗಣಿಯಲ್ಲಿ 1906ರಲ್ಲಿ 1,099 ಜನ ಸತ್ತದ್ದು ಧೂಳಿನ ಸ್ಫೋಟದಲ್ಲಿ. ಸುರಂಗಗಳಲ್ಲಿ ಸುಣ್ಣಕಲ್ಲಿನ ಪುಡಿ ಎರಚುವುದು ಇದಕ್ಕಾಗಿಯೇ. ಸುಡದ ಪುಡಿ ಬೆರೆತರೆ ಧೂಳಿನ ಉರಿ ಹಬ್ಬುವುದಿಲ್ಲ.

ಬೆಂಕಿ ಬಿದ್ದ ಭಾಗಕ್ಕೆ ಗೋಡೆ ಕಟ್ಟಿ ಮುಚ್ಚುತ್ತಾರೆ. ಆಮ್ಲಜನಕ ಸುಮಾರು ಶೇ. 12ಕ್ಕಿಂತ ಇಳಿದರೆ ಮೀಥೇನ್ ಸಿಡಿಯಲಾರದು. ಆದರೆ ಇಳಿಯುವ ಹಾದಿಯಲ್ಲೇ ಮಿಶ್ರಣ ಸ್ಫೋಟಕ ಪಟ್ಟಿಯನ್ನು ಹಾಯಬಹುದು. ಹಾಗಾಗಿ ಗೋಡೆ ಮುಗಿದ ತಕ್ಷಣ ಎಲ್ಲರನ್ನೂ ಮೇಲಕ್ಕೆ ಕರೆಸಿಕೊಂಡು, ಒಳಗಿನ ಗಾಳಿಯ ಮಾದರಿಯನ್ನು ಕೊಳವೆಯಲ್ಲಿ ಎಳೆದು ನೋಡುತ್ತಾ ಕಾಯುತ್ತಾರೆ.